ನೀವು ಬರೆಸಿದ ಫಿರ್ಯಾದು

ದಂಡೋತಿ,
ರವಿವಾರ, ೧೨ ಫೆಬ್ರವರಿ ೧೯೫೬

ಜೈತುನ್ಬೀ ಅಕ್ಕನವರಿಗೆ,

ತಮ್ಮಣ್ಣನ ಸಲಾಮು. ಪಕ್ಕದಲ್ಲೇ ಕೂತಿರುವ ಹೀರಾಬಾಯಿ ತನ್ನ ನಮಸ್ಕಾರವನ್ನು ಮೊದಲು ಬರೆ ಎನ್ನುತ್ತಿದ್ದಾಳೆ, ಆದ್ದರಿಂದ ಅವಳದೂ ಇಲ್ಲೇ ಇರಲಿ. ನಾವು ಗಂಡ ಹೆಂಡತಿ ಇಬ್ಬರೂ ಆರಾಮಾಗಿದ್ದೇವೆ. ಈ ಚಳಿಯಲ್ಲಿ ನಿಮ್ಮ ಮುಂಗೈ ಎಷ್ಟು ನೋಯಿತು ಎಂದು ಕೇಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಈ ಪತ್ರವನ್ನು ಯೂನಿಯನ್ನಿನ ಸೆಕ್ರೆಟರಿ ಮಡಿವಾಳಯ್ಯನವರು ನಿಮಗೆ ಓದಿ ಹೇಳುತ್ತಾರೆಂದು ಗೊತ್ತು. ಮಡಿವಾಳಯ್ಯನವರೇ, ಕೊನೆಯ ಕಡೆ ನಿಮಗೆ ಸಿಟ್ಟು ಬರುವಂಥ ಒಂದು ಮಾತಿದೆ. ಅದನ್ನು ಬಿಟ್ಟು ಓದಬೇಡಿರಿ. ಅಕ್ಕನ ಮುಖ ನೋಡಿ ಮೆತ್ತಗೆ ಮಾಡಿಯೂ ಓದಬೇಡಿರಿ. ನೀವು ಕೊಟ್ಟ ಪುಸ್ತಕಗಳನ್ನು ಎರಡು ವರ್ಷ ಮಲಗಿದಲ್ಲೇ ಓದಿ ನನ್ನ ಬರವಣಿಗೆ ಇಷ್ಟು ಸುಧಾರಿಸಿದೆ. ನಾಲ್ಕನೆಯ ತರಗತಿಯವನ ಕೈಬರಹವೆಂದು ಯಾರೂ ಹೇಳಬಾರದು ಎಂಬ ಆಸೆಯೂ ಇದೆ.

ಅಕ್ಕಾ, ನನ್ನ ಕಾಲಿನ ಪರಿಹಾರದ ರೊಕ್ಕ ಸಂಕ್ರಾಂತಿಯ ಮರುವಾರ ಕೈಗೆ ಬಂತು. ಎರಡು ಎಮ್ಮೆ ಕೊಂಡೆವು. ಮಾಳಿಗೆಗೆ ಹೊಸ ತೊಲೆ ಹಾಕಿಸಿದೆವು. ಕೋಡು ಬಾಗಿದ ಎಮ್ಮೆಗೆ ನಿಮ್ಮ ಹೆಸರಿಡುತ್ತೇನೆಂದು ಹೀರಾಬಾಯಿ ಹೊರಟಿದ್ದಳು. “ಅಕ್ಕಗ ಗೊತ್ತಾದ್ರ ಶಹಾಬಾದದಿಂದ ನಡಕೋತ ಬಂದು ಬೈದು ಹೋಗ್ತಾಳ” ಎಂದು ನಾನು ತಡೆದೆ. ಆದರೂ ಬೆಳಿಗ್ಗೆ ಹಾಲು ಕರೆಯುವಾಗ ಅವಳು ಆ ಎಮ್ಮೆಯನ್ನು ಮೆಲ್ಲಗೆ ಏನೆಂದು ಕರೆಯುತ್ತಾಳೆ ಎಂಬುದು ನನಗೆ ಕೇಳಿಸುತ್ತದೆ. ನಾನು ಕೇಳಿಸದವನಂತೆ ಇರುತ್ತೇನೆ. ಕೂತಲ್ಲೇ ಮೀನಿನ ಬಲೆ ಹೆಣೆಯುತ್ತೇನೆ. ಕಾಗಿಣಾ ದಂಡೆಯ ನಾಲ್ಕಾರು ಊರಿನವರು ನನ್ನಲ್ಲಿಗೇ ಬರುತ್ತಾರೆ. ಒಂದು ಕಾಲಿನವನ ಮನೆಯಲ್ಲಿ ಮೂರು ಹೊತ್ತು ರೊಟ್ಟಿ ಆಗುತ್ತಿದೆ. ಅದರ ಮೂಲದಲ್ಲಿ ನೀವಿದ್ದೀರಿ ಎಂದು ಬರೆಯಲು ಕೂತೆ. ಹಾಗೆ ಒಂದೇ ಸಾಲಿನಲ್ಲಿ ಬರೆದು ಮುಗಿಸಿದರೆ ಅದು ಉಪಕಾರ ಸ್ಮರಣೆಯಾಗುತ್ತದೆ, ಖರೆ ಹೇಳಿದಂತಾಗುವುದಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ. ಆ ದಿನವನ್ನು ನೀವು ನೆಲದ ಮೇಲಿಂದ ನೋಡಿದ್ದೀರಿ. ಲಾರಿಯ ಮೇಲಿಂದ ಅದು ಹೇಗಿತ್ತು ಎಂಬುದು ನಿಮಗೆ ಗೊತ್ತಿಲ್ಲ.

ಎರಡು ವರ್ಷದ ಹಿಂದೆ, ಯುಗಾದಿಗೆ ಎಂಟು ದಿನವಿರುವಾಗ, ಗುತ್ತೇದಾರ ಸೂಗಪ್ಪ ನಮ್ಮ ಹೊಳೆದಂಡೆಗೆ ಬಂದ. “ಶಹಾಬಾದದ ಫರ್ಸಿಕಲ್ಲಿನ ಗಣ್ಯಾಗ ಮಂದಿ ಕಡಿಮಿ ಬಿದ್ದಾರ, ತಿಂಗಳದ ಕೆಲಸ ಅದ, ಬರೋರು ಬರ್ರಿ” ಎಂದ. ಹೊಳೆ ಬತ್ತಿ ನಮ್ಮ ಹರಿಗೋಲುಗಳು ಬೋರಲು ಬಿದ್ದಿದ್ದ ಕಾಲ. ಹನ್ನೆರಡು ಮಂದಿ ಹೊರಟೆವು. ಅಲ್ಲಿ ಮುಷ್ಕರ ನಡೆದಿದೆಯೆಂದು ನನಗೆ ಗೊತ್ತಿರಲಿಲ್ಲ ಎಂದು ಎಲ್ಲರ ಮುಂದೆ ಹೇಳುತ್ತ ಬಂದಿದ್ದೇನೆ. ಅದು ಪೂರ್ತಿ ಖರೆಯಲ್ಲ. ಚಿತ್ತಾಪುರದ ಸಂತೆಯಲ್ಲಿ ಸುದ್ದಿ ಕಿವಿಗೆ ಬಿದ್ದಿತ್ತು. ಗಂಡಸರ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ, ಹೆಂಗಸರದು ಇರುವುದಿಲ್ಲ, ಗಂಡನ ಕೆಲಸದ ಜೊತೆಗೆ ಬಂದ ಜೋಡಿಯೆಂದು ಅವರನ್ನು ಲೆಕ್ಕ ಹಿಡಿಯುತ್ತಾರೆ. ನಮ್ಮ ಹೆಸರೂ ಬರೆಯಿರಿ ಎಂದು ಹೆಂಗಸರು ಕೂತಿದ್ದಾರೆ, ಗಂಡಸರೂ ಅವರ ಜೊತೆ ಕೆಲಸ ಬಿಟ್ಟಿದ್ದಾರೆ ಎಂದು ಯಾರೋ ಹೇಳಿದ್ದರು. ಹೆಸರು ಬರೆದರೆ ಏನು, ಬಿಟ್ಟರೆ ಏನು ಎಂದು ನಾನು ನಕ್ಕಿದ್ದೆ.

ಗಣಿಯ ಗೇಟಿನ ಮುಂದೆ ಲಾರಿ ನಿಂತಿತು. ಎದ್ದು ನೋಡಿದರೆ ದಾರಿಗೆ ಅಡ್ಡಲಾಗಿ ಹದಿನೈದು ಹೆಂಗಸರು ಮಲಗಿದ್ದಿರಿ. ಗಾಲಿಗೆ ಎಲ್ಲರಿಗಿಂತ ಹತ್ತಿರ ನೀವು. ಸೆರಗನ್ನು ತಲೆಗೆ ಬಿಗಿದು, ಬಲಗೈಯನ್ನು ಗೇಟಿನ ಸರಪಳಿಗೆ ಸುತ್ತಿಕೊಂಡಿದ್ದಿರಿ. ನಾನು ಹಿಂದಿನ ಹಲಗೆ ದಾಟಿ ಕೆಳಗೆ ಹಾರಿದೆ. ನಿಮ್ಮ ಮುಂಗೈ ಹಿಡಿದು ಎಳೆದೆ. ಸರಪಳಿ ಬಿಡಲಿಲ್ಲ, ನೀವೂ ಬಿಡಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದೆ. ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸಪ್ಪಳ ಬಂತು. ನೀವು ಕೂಗಲಿಲ್ಲ. ಉಳಿದ ಹೆಂಗಸರು ಎದ್ದು ನಿಮ್ಮ ಸುತ್ತ ಕೂಡಿದರು, ದಾರಿ ತೆರವಾಯಿತು, ಲಾರಿ ಒಳಗೆ ಹೋಯಿತು. ನಾನು ಅದರ ಹಿಂದೆ ಓಡಿದೆ. ಆ ಕೂಡಲೇ ನಿಮ್ಮವರು ನಿಮ್ಮನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರೆಂದು, ನೀವು ನನ್ನ ಮೇಲೆ ಫಿರ್ಯಾದು ಬರೆಸಿದಿರೆಂದು ನನಗೆ ಬಹಳ ತಡವಾಗಿ ತಿಳಿಯಿತು.

ಒಳಗೆ ನಾಲ್ಕು ದಿನ ಕೆಲಸ ಮಾಡಿದೆ. ಕಲ್ಲಿನ ಪದರ ಯಾವ ಕಡೆಗೆ ಜಾರುತ್ತದೆಂದು ನಿಮ್ಮವರಿಗೆ ಹಾರೆಯ ಸಪ್ಪಳದಲ್ಲೇ ತಿಳಿಯುತ್ತದಂತೆ. ನಮಗೆ ನೀರು ಗೊತ್ತು, ಕಲ್ಲು ಗೊತ್ತಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಎತ್ತುತ್ತಿದ್ದ ಹಾಸುಗಲ್ಲು ಜಾರಿ ನನ್ನ ಎಡಗಾಲಿನ ಮೇಲೆ ಕೂತಿತು. ಅದೇ ಲಾರಿಯಲ್ಲಿ ಹಾಕಿಕೊಂಡು ಹೊರಟರು. ಗೇಟಿನ ಎದುರಿನ ಬೇವಿನ ಗಿಡದ ಕೆಳಗೆ ನೀವು ಕೈ ಕಟ್ಟಿಸಿಕೊಂಡು ಕೂತಿದ್ದಿರಿ. ಲಾರಿ ನಿಮ್ಮ ಮುಂದೆಯೇ ಹೋಯಿತು. ನಾನು ನಿಮ್ಮನ್ನು ನೋಡಲಿಲ್ಲ, ನೀವು ನನ್ನನ್ನು ನೋಡಿದಿರಿ. ಸೂಗಪ್ಪ ನನ್ನನ್ನು ಆಸ್ಪತ್ರೆಯ ಕಟ್ಟೆಯ ಮೇಲೆ ಇಳಿಸಿ, ರೈಲು ಹಳಿ ದಾಟುವಾಗ ಪೆಟ್ಟಾದವನು ಎಂದು ಕಂಪೌಂಡರನಿಗೆ ಹೇಳಿ ಹೋಗಿಬಿಟ್ಟ. ಮುಂದೆ ಗುಲ್ಬರ್ಗಾದಲ್ಲಿ ಮೊಣಕಾಲಿನ ಕೆಳಗೆ ಕಡಿದರು. ನನ್ನ ಜೊತೆ ಬಂದಿದ್ದ ಹನ್ನೊಂದು ಮಂದಿಯನ್ನು ಅದೇ ಸಂಜೆ ಊರಿಗೆ ಕಳಿಸಿದರು. ಬಾಯಿ ಮುಚ್ಚಿಕೊಂಡಿದ್ದರೆ ಮುಂದೆಯೂ ಕೆಲಸ ಕೊಡುತ್ತೇನೆಂದು ಸೂಗಪ್ಪ ಅವರಿಗೆ ಮಾತು ಕೊಟ್ಟಿದ್ದ.

ಇಪ್ಪತ್ತಮೂರು ದಿನಕ್ಕೆ ಮುಷ್ಕರ ಮುಗಿದು ನೀವು ಗೆದ್ದಿರಿ, ಹೆಂಗಸರ ಹೆಸರು ಬರೆಯಲು ಮಾಲಕರು ಒಪ್ಪಿದರು. ನಾನು ಆಸ್ಪತ್ರೆಯಲ್ಲಿದ್ದೆ. ಹೀರಾಬಾಯಿ ಗಣಿಯ ಕಚೇರಿಗೆ ಹೋಗಿ ನಿಂತಳು. ಗುಮಾಸ್ತ ಬೈಯಲಿಲ್ಲ, ಗದರಿಸಲಿಲ್ಲ. ಪುಸ್ತಕ ತೆರೆದು ತೋರಿಸಿದನಂತೆ. “ನೋಡವ್ವಾ, ತಮ್ಮಣ್ಣ ಅಂಬೋನು ನಮ್ಮಲ್ಲಿ ಯಾರೂ ಇಲ್ಲ. ಆ ದಿನ ನಮ್ಮ ಗಣೀನೇ ಬಂದ್ ಇತ್ತು. ನಿನ್ನ ಗಂಡ ಎಲ್ಲಿ ಹೋಗಿದ್ನೋ ನಾವೇನು ಬಲ್ಲಿವಿ?” ಓದು ಬಾರದವಳಿಗೆ ಪುಸ್ತಕ ತೋರಿಸಿದರೆ ಅವಳೇನು ಮಾಡಬೇಕು? ಹೊರಗೆ ಬಂದಳು. ಬಿಸಿಲಿಗೆ ಕಣ್ಣು ಕತ್ತಲೆ ಬಂದು ಬೇವಿನ ಗಿಡದ ಕೆಳಗೆ ಕುಸಿದಳು. ಅದು ಯೂನಿಯನ್ನಿನ ಜಾಗವೆಂದು ಅವಳಿಗೆ ಗೊತ್ತಿರಲಿಲ್ಲ.

ಮುಂದಿನದು ನಿಮಗೆ ಗೊತ್ತಿದೆ. ಆದರೂ ಹೀರಾಬಾಯಿ ನನಗೆ ಎಷ್ಟೋ ಸಲ ಹೇಳಿದ ಹಾಗೆಯೇ ಬರೆಯುತ್ತೇನೆ, ಯಾಕೆಂದರೆ ನೀವು ಇಂಥವನ್ನು ಮರೆಯುವವರು. ನೀವು ಎಡಗೈಯಲ್ಲಿ ನೀರಿನ ತಂಬಿಗೆ ಹಿಡಿದು ಬಂದಿರಿ. ಯಾರವ್ವಾ ನೀನು ಎಂದು ಕೇಳಿದಿರಿ. ಅವಳು ಸುಳ್ಳು ಹೇಳಬಹುದಿತ್ತು. “ನಾ ದಂಡೋತಿ ತಮ್ಮಣ್ಣನ ಹೆಣತಿ” ಎಂದಳು. ಕಲ್ಲು ಒಡೆಯುವ ಶಹಾಬುದ್ದೀನ ಅಣ್ಣನವರು ಎದ್ದು ನಿಂತು, ಇವಳನ್ನು ಹೊರಗೆ ಹೋಗೆನ್ನಿರಿ ಎಂದರು. ನಿಮ್ಮ ಬಲಗೈ ಕೊರಳಿಗೆ ಜೋತುಬಿದ್ದಿತ್ತು. “ಕಾಲು ಎಲ್ಲಿತನಕ ಹೋತು?” ಎಂದು ನೀವು ಕೇಳಿದಿರಿ. ಅವಳು ತನ್ನ ಮೊಣಕಾಲು ಮುಟ್ಟಿ ತೋರಿಸಿದಳು. ನೀವು ತಂಬಿಗೆಯನ್ನು ಇನ್ನೂ ಮುಂದೆ ಚಾಚಿ, “ಮದ್ಲ ನೀರು ಕುಡಿ. ಮಾತು ಆಮ್ಯಾಲ” ಎಂದಿರಿ.

ಆ ಸಂಜೆಯ ಸಭೆಯ ಸುದ್ದಿಯನ್ನು ಮಡಿವಾಳಯ್ಯನವರು ಹೇಳಿದ್ದಾರೆ. ಶಹಾಬುದ್ದೀನ ಅಣ್ಣನವರು, “ಇಪ್ಪತ್ಮೂರು ದಿನ ನಮ್ಮ ಮನ್ಯಾಗ ಹಿಟ್ಟಿರಲಿಲ್ಲ. ಆಗ ಒಳಗ ಹೊಕ್ಕು ಕಲ್ಲೆತ್ತಿದವನ ಸಲುವಾಗಿ ಯೂನಿಯನ್ ಯಾಕ ಬಡಿದಾಡ್ಬೇಕು?” ಎಂದು ಕೇಳಿದರಂತೆ. ಅದರಲ್ಲಿ ತಪ್ಪೇನಿದೆ? ನಾನು ಅವರ ಜಾಗದಲ್ಲಿದ್ದರೆ ಅದಕ್ಕಿಂತ ಕೆಟ್ಟದಾಗಿ ಮಾತಾಡುತ್ತಿದ್ದೆ. ತಲೆ ಅಲ್ಲಾಡಿಸಿದವರೇ ಹೆಚ್ಚು. ಆಗ ನೀವು ಹೇಳಿದಿರಂತೆ: “ಇಂವಗ ಇವತ್ತು ಮಾಲಕರು ನೀ ಯಾರಂತ ಗೊತ್ತೇ ಇಲ್ಲ ಅಂದಾರ. ನಮ್ಮ ಹೆಣ್ಮಕ್ಕಳಿಗೂ ಇಷ್ಟು ವರ್ಷ ಅದೇ ಅಂತಿದ್ರು. ಇಂವಗ ಅಂದಿದ್ದಕ್ಕ ನಾವು ಹೂಂ ಅಂದ್ರ, ನಾಳಿ ನಮಗ ಅಂದಾಗ ಯಾರು ಅಲ್ಲ ಅಂತಾರ?” ಆಮೇಲೆ, “ಇಂವ ಒಳ್ಳೆಯವ ಅಂತ ನಾ ಹೇಳಂಗಿಲ್ಲ. ಕೆಲಸ ಮಾಡ್ಯಾನ ಅಂತ ಹೇಳ್ತೀನಿ” ಎಂದೂ ಸೇರಿಸಿದಿರಂತೆ. ಈ ಎರಡನೆಯ ಮಾತು ನನಗೆ ಮೊದಲನೆಯದಕ್ಕಿಂತ ದೊಡ್ಡದು, ಅಕ್ಕಾ. ನಾನು ಒಳ್ಳೆಯವನಾಗುವವರೆಗೆ ನೀವು ಕಾಯಲಿಲ್ಲ.

ಹದಿನೈದು ತಿಂಗಳು ಮಡಿವಾಳಯ್ಯನವರು ನನ್ನ ಅರ್ಜಿ ಹಿಡಿದು ಕೆಲಸಗಾರರಿಗೆ ಪರಿಹಾರ ಕೊಡಿಸುವ ಗುಲ್ಬರ್ಗಾದ ಕಚೇರಿಗೆ ಅಲೆದರು. ಈ ಮನುಷ್ಯ ನಮ್ಮ ಕೆಲಸಗಾರನೇ ಅಲ್ಲ, ಇವನಿಗೆ ರೈಲು ಬಡಿದದ್ದು ಎಂದು ಮಾಲಕರು ಬರೆದುಕೊಟ್ಟಿದ್ದರು. ನಾನು ಅಲ್ಲಿ ಕೆಲಸ ಮಾಡಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಹನ್ನೊಂದು ಮಂದಿಯ ಮನೆಗೂ ಹೀರಾಬಾಯಿ ಹೋಗಿ ಬಂದಳು. ನನ್ನ ಚಿಗವ್ವನ ಮಗನೇ ಬಾಗಿಲು ಹಾಕಿಕೊಂಡ. ಇನ್ನು ಅರ್ಜಿ ಬಿದ್ದುಹೋಯಿತು ಎಂದು ಮಡಿವಾಳಯ್ಯನವರು ಕೈಚೆಲ್ಲಿ ಕೂತಿದ್ದಾಗ ನೀವೇ ಕೇಳಿದಿರಂತೆ, “ಅಲ್ಲ್ರಿ, ಠಾಣೆದಾಗ ನಾ ಬರಸಿದ್ದು ಅದ ಅಲ್ಲ? ಅದರಾಗ ಇವನ ಹೆಸರು, ಊರು, ಲಾರಿ ಎಲ್ಲಾ ಅದ.”

ಗುಲ್ಬರ್ಗಾದ ಆ ದಿನ ಜಿಟಿಜಿಟಿ ಮಳೆ. ಕಚೇರಿಯಲ್ಲಿ ಸಾಹೇಬರ ಮುಂದೆ ಉರ್ದುವಿನಲ್ಲಿದ್ದ ಆ ಫಿರ್ಯಾದನ್ನು ಓದಿ ಕನ್ನಡದಲ್ಲಿ ಹೇಳಿದರು. “ದಂಡೋತಿಯ ತಮ್ಮಣ್ಣ ವಲ್ದ ಸಾಯಬಣ್ಣ, ಗುತ್ತೇದಾರ ಸೂಗಪ್ಪನ ಲಾರಿಯಲ್ಲಿ ಗಣಿ ಕೆಲಸಕ್ಕೆ ಬಂದವನು, ನನ್ನ ಕೈ ಮುರಿದು ಒಳಗೆ ಹೋಗಿರುತ್ತಾನೆ.” ವಲ್ದ ಎಂದು ಅಪ್ಪನ ಹೆಸರು, ತಾರೀಖು, ಠಾಣೆಯ ಮೊಹರು ಎಲ್ಲವೂ ಇದ್ದವು. ನಾನು ತಲೆ ಎತ್ತಲಿಲ್ಲ. ನನ್ನ ಪಾಪವನ್ನು ಬರೆದಿಟ್ಟ ಕಾಗದವೇ ನನ್ನ ಹಕ್ಕಿನ ಕಾಗದವಾಗಿ ಮೇಜಿನ ಮೇಲಿತ್ತು.

ಮಾಲಕರ ವಕೀಲರು ನಿಮ್ಮನ್ನು ಕೇಳಿದರು, ನಿನ್ನ ಕೈ ಮುರಿದವನ ಪರವಾಗಿ ಸಾಕ್ಷಿ ಹೇಳಲು ಯೂನಿಯನ್ನಿನವರು ಏನು ಕಲಿಸಿ ಕರೆತಂದಿದ್ದಾರೆ ಎಂದು. ನೀವು ಹೇಳಿದಿರಿ: “ಇಂವ ನನ್ನ ಕೈ ಮುರದಾನ್ರಿ, ಅದು ಖರೆ. ನಿಮ್ಮ ಗಣ್ಯಾಗ ನಾಕು ದಿನ ಕಲ್ಲು ಎತ್ಯಾನ, ಅದೂ ಖರೆ. ರಕ್ತ ಸೋರ್ಕೋತ ಲಾರ್ಯಾಗ ಹೋದದ್ದು ನಾ ಕಣ್ಣಾರೆ ನೋಡೀನಿ. ಒಂದು ಹೇಳಿ ಒಂದು ಮುಚ್ಚಿಡೂದು ನನಗ ಬರಂಗಿಲ್ರಿ.” ಬರೆದುಕೊಳ್ಳಲು ಸಾಹೇಬರು ನಿಮ್ಮಿಂದ ಅದನ್ನು ಇನ್ನೊಮ್ಮೆ ಹೇಳಿಸಿದರು. ನೀವು ಒಂದು ಮಾತೂ ಹೆಚ್ಚುಕಡಿಮೆ ಆಗದಂತೆ ಮತ್ತೆ ಹೇಳಿದಿರಿ. ವಕೀಲರು ತಮ್ಮ ಕಾಗದ ಮಡಿಸಿ ಕೂತರು. ನನ್ನ ಪರವಾಗಿ ತೀರ್ಪು ಬಂದದ್ದು ಮೂರು ತಿಂಗಳ ನಂತರ. ಆದರೆ ಅದು ಆಗಲೇ ಆಗಿಹೋಗಿತ್ತು.

ಇನ್ನು ಆ ಸಂಜೆ ಸ್ಟೇಷನ್ನಿನ ಮಾತು. ಇದಕ್ಕಾಗಿಯೇ ಈ ಪತ್ರ.

ವಾಡಿ ಕಡೆಯ ರೈಲಿಗೆ ಕಾಯುತ್ತ ನಾವು ಬೆಂಚಿನ ಮೇಲೆ ಕೂತಿದ್ದೆವು. ನೀವು ಬುತ್ತಿ ಬಿಚ್ಚಿ ಅರ್ಧ ರೊಟ್ಟಿ, ಹಿಂಡಿಪಲ್ಯ ನನ್ನ ಕೈಗಿಟ್ಟಿರಿ. ನಾನು, ರೊಕ್ಕ ಬಂದರೆ ಅರ್ಧ ನಿಮ್ಮದು ಎಂದೆ. ನಿಮಗೆ ಸಿಟ್ಟು ಬಂತು. “ಅದು ನಿನ್ನ ಕಾಲಿಂದು. ನೀ ತಗೊಂಡ್ರ ಹಕ್ಕು, ನನಗ ಕೊಟ್ರ ಭಿಕ್ಷಾ. ನನಗ್ಯಾಕ ಭಿಕ್ಷಾ?” ಎಂದಿರಿ. ಹೋದ ತಿಂಗಳು ಹೀರಾಬಾಯಿ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದನ್ನೂ ಹಾಗೆಯೇ ಹಿಂದೆ ಕಳಿಸಿದಿರಿ, ಮೇಲೆ ಒಂದು ಅಚ್ಚು ಬೆಲ್ಲ ಇಟ್ಟು. ಕಲ್ಲು ಹೊರಲು ಬಾರದೆ ನೀವು ಈಗ ಗಣಿಯಲ್ಲಿ ಎಡಗೈಯಿಂದ ನೀರು ಹೊತ್ತು ಕಡಿಮೆ ಕೂಲಿಗೆ ದುಡಿಯುತ್ತೀರಿ. ಗೇಟಿನ ಹೊರಗೆ ಮುರಿದ ಕೈಗೆ ಯಾವ ಮಾಲಕನೂ ಜವಾಬುದಾರನಲ್ಲವಂತೆ. ನನ್ನ ಕಾಲಿಗೆ ಕಾಯಿದೆ ಸಿಕ್ಕಿತು, ನಿಮ್ಮ ಕೈಗೆ ಸಿಗಲಿಲ್ಲ.

ಆಮೇಲೆ ನೀವು, “ಒಂದು ಮಾತು ಕೇಳ್ತೀನಿ ತಮ್ಮಣ್ಣಾ. ಅವತ್ತು ಎಳಿ ಅಂತ ನಿನಗ ಯಾರು ಹೇಳಿದ್ರು?” ಎಂದು ಕೇಳಿದಿರಿ. ಸೂಗಪ್ಪ ಹೇಳಿದ ಎಂದೆ. ನೀವು ಹೂಂ ಎಂದಿರಿ, ನಿಮ್ಮ ಮುಖ ಹಗುರಾದದ್ದನ್ನು ನಾನು ನೋಡಿದೆ. ಬಡವನ ಕೈಯಿಂದ ದೊಡ್ಡವನು ಮಾಡಿಸಿದ್ದು ಎಂದು ನಿಮಗೆ ಸಮಾಧಾನವಾಯಿತು. ಶಹಾಬಾದದಲ್ಲಿ ಇಳಿಯುವಾಗ ನನ್ನ ತಲೆಯ ಮೇಲೆ ಕೈಯಿಟ್ಟಿರಿ.

ಅಕ್ಕಾ, ಅದು ಸುಳ್ಳು. ನನಗೆ ಯಾರೂ ಹೇಳಲಿಲ್ಲ. ಸೂಗಪ್ಪ ಮುಂದೆ ಡ್ರೈವರನ ಪಕ್ಕದಲ್ಲಿದ್ದ. ಹೆಂಗಸರನ್ನು ನೋಡಿ ಅವನೇ ಹೆದರಿದ. “ಹಿಂದಕ್ಕ ತಿರಗಸಪ್ಪಾ, ಇದು ನಮಗ ಬ್ಯಾಡ” ಎಂದು ಅವನು ಡ್ರೈವರನಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಡ್ರೈವರ್ ಗೇರು ಹಾಕುತ್ತಿದ್ದ. ನಾನು ಹಾರಿದಾಗ ಹಿಂದಿನಿಂದ ಚಿಗವ್ವನ ಮಗ, “ತಮ್ಮಣ್ಣಾ, ಬ್ಯಾಡೋ” ಎಂದು ಕೂಗಿದ. ಆ ಕೂಗಿನಿಂದಲೇ ನನ್ನ ಹೆಸರು ನಿಮಗೆ ತಿಳಿದದ್ದು; ಊರು, ಅಪ್ಪನ ಹೆಸರನ್ನು ಠಾಣೆಯವರು ವಿಚಾರಿಸಿ ಸೇರಿಸಿದರಂತೆ. ಹನ್ನೆರಡರಲ್ಲಿ ಗಟ್ಟಿಗ ಯಾರೆಂದು ಸೂಗಪ್ಪನಿಗೆ ತೋರಿಸಿದರೆ ನನ್ನನ್ನು ಮೇಸ್ತ್ರಿ ಮಾಡುತ್ತಾನೆ ಎಂದುಕೊಂಡಿದ್ದೆ. ನಾನು ಸುಮ್ಮನೆ ಕೂತಿದ್ದರೆ ಲಾರಿ ತಿರುಗಿ ಹೋಗುತ್ತಿತ್ತು. ನಿಮ್ಮ ಕೈ ಉಳಿಯುತ್ತಿತ್ತು, ನನ್ನ ಕಾಲೂ ಉಳಿಯುತ್ತಿತ್ತು. ಸೂಗಪ್ಪ ಮಾಡಿದ ತಪ್ಪುಗಳು ಬೇರೆ ಇವೆ. ಇದು ಅವನದಲ್ಲ, ನನ್ನದು. ಇದನ್ನು ಹೀರಾಬಾಯಿಗೂ ಮೊನ್ನೆಯೇ ಹೇಳಿದೆ. ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಬರೆದು ಕಳಿಸು ಎಂದಳು.

ಹೋದ ವಾರ ಮಡಿವಾಳಯ್ಯನವರ ಕಾರ್ಡು ಬಂದಿತ್ತು. ಗಣಿಯ ಎಲ್ಲ ಹೆಂಗಸರ ಹೆಸರುಗಳೂ ಈಗ ಪುಸ್ತಕದಲ್ಲಿವೆ, ಬೆಳಿಗ್ಗೆ ಗುಮಾಸ್ತನೇ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾನೆ ಎಂದು ಓದಿ ಇಬ್ಬರಿಗೂ ಹಬ್ಬವಾಯಿತು. ಚಿತ್ತಾಪುರದ ಕೋರ್ಟಿನಲ್ಲಿ ನನ್ನ ಮೇಲಿರುವ ಖಟ್ಲೆಗೆ ನೀವು ಇನ್ನು ಹೋಗುವುದಿಲ್ಲ, ಆದದ್ದು ಆಯಿತು ಎಂದಿರೆಂದೂ ಅದರಲ್ಲಿ ಬರೆದಿದ್ದರು. ನಿಮ್ಮ ಮನಸ್ಸು ಅಂಥದು. ಆದರೆ ನೀವು ಕ್ಷಮಿಸಿದ್ದು ಸೂಗಪ್ಪನ ಮಾತು ಕೇಳಿದ ತಮ್ಮಣ್ಣನನ್ನು. ಈಗ ಈ ತಮ್ಮಣ್ಣನನ್ನು ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ನೀವು ಇನ್ನೆಂದೂ ನನ್ನ ಹೆಸರೆತ್ತದಿದ್ದರೂ, ನೀವು ನನಗೆ ಮಾಡಿದ್ದು ಮಾಡಿದ್ದೇ. ನಾವು ಗಂಡ ಹೆಂಡತಿ ಅದನ್ನು ಉಣ್ಣುತ್ತಲೇ ಇರುತ್ತೇವೆ.

ನಿಮ್ಮ ಫಿರ್ಯಾದಿನಲ್ಲಿ ಹೆಸರಿರುವ,
ತಮ್ಮಣ್ಣ ವಲ್ದ ಸಾಯಬಣ್ಣ

ತಾ.ಕ.: ಪತ್ರ ಬರೆದು ನಾಲ್ಕು ದಿನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಇಂದು ಗುರುವಾರ, ಖಟ್ಲೆಯ ತಾರೀಖು. ಕೋಲೂರಿಕೊಂಡು ಚಿತ್ತಾಪುರಕ್ಕೆ ಬಂದೆ, ಇಲ್ಲಿಯ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮ್ಯಾಜಿಸ್ಟ್ರೇಟ್ ಸಾಹೇಬರು, ಫಿರ್ಯಾದಿಯೇ ಬಂದಿಲ್ಲ, ನೀನು ಯಾಕೆ ಬಂದೆ ಎಂದರು. ಅವಳ ಕೈ ಮುರಿದವನು ನಾನೇ ಎಂದು ಹೇಳಲು ಬಂದೆ ಎಂದೆ. ಯಾರು ಹೇಳಿ ಮಾಡಿಸಿದರು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅವರು ನನ್ನ ಕಾಲು ನೋಡಿ, ನಿನಗೆ ಶಿಕ್ಷೆ ಆಗಿಹೋಗಿದೆಯಲ್ಲ ಎಂದರು. “ಅದು ಕಲ್ಲಿಂದ ಆದದ್ದು ರೀ, ಕೋರ್ಟಿಂದಲ್ಲ” ಎಂದೆ. ಕೋರ್ಟು ಏಳುವ ತನಕ ಅಲ್ಲೇ ಕೂತಿರುವುದು ಒಂದು ಶಿಕ್ಷೆ, ದಂಡ ಇನ್ನೊಂದು ಎಂದು ತೀರ್ಪು ಹೇಳಿದರು. ಐದು ಗಂಟೆಯವರೆಗೆ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ದಂಡವನ್ನು ಎಮ್ಮೆ ಮಾರದೆಯೇ ಕಟ್ಟಿದ್ದೇನೆ, ಚಿಂತೆ ಮಾಡಬೇಡಿರಿ. ಅದಷ್ಟೂ ಕೈ ಮುರಿದ ಜೈತುನ್ಬೀಗೆ ಸಲ್ಲತಕ್ಕದ್ದು ಎಂದು ಸಾಹೇಬರು ಹುಕುಂ ಬರೆದಿದ್ದಾರೆ. ಬಂದು ತೆಗೆದುಕೊಳ್ಳಿರಿ, ಅಕ್ಕಾ. ಇದು ನಿಮ್ಮ ಕೈಯದು. ನನಗೆ ತಿರುಗಿ ಕೊಡುತ್ತೇನೆಂದರೆ ಕೋರ್ಟಿನವರು ಒಪ್ಪುವುದಿಲ್ಲವಂತೆ, ಅದನ್ನೂ ಅಲ್ಲಿಯ ಗುಮಾಸ್ತರನ್ನು ಎರಡು ಸಲ ಕೇಳಿಕೊಂಡೇ ಬಂದಿದ್ದೇನೆ.